ಪೂರ್ವಪಕ್ಷ

ಆತ್ಮ ಎಷ್ಟು ಮೇಲೇರಿದೆ ಎಂದು ಅಳೆಯುವ ಯಂತ್ರವೊಂದು ಸಿಕ್ಕಿಬಿಟ್ಟರೆ ಏನಾದೀತು ಎಂದು ನಮ್ಮ ಧಾರವಾಡದ ಕಟ್ಟೆಗಳ ಮೇಲೆ ಹಿಂದೆಲ್ಲ ಹರಟೆ ಹೊಡೆಯುತ್ತಿದ್ದರು. ಕಳ್ಳ ಸ್ವಾಮಿಗಳೆಲ್ಲ ಸಿಕ್ಕಿಬೀಳುತ್ತಾರೆ ಎಂಬುದು ಬಹುಮತದ ಅಭಿಪ್ರಾಯವಾಗಿತ್ತು. ಕೊನೆಗೆ ಯಂತ್ರ ಸಿಕ್ಕಿತು. ಸಿಕ್ಕಿಬಿದ್ದವರು ಸ್ವಾಮಿಗಳಲ್ಲ, ತುಂಗವ್ವನಂಥವರು.

ಯಂತ್ರದ ಹೆಸರು ಸ್ತರಮಾಪಕ. ನೋಡಲು ಏನೂ ಇಲ್ಲ, ತಲೆನೋವು ಬಂದಾಗ ಹಣೆಗೆ ಬಟ್ಟೆ ಬಿಗಿದುಕೊಳ್ಳುತ್ತೇವಲ್ಲ, ಅಂಥದೇ ಒಂದು ಪಟ್ಟಿ. ಮಿದುಳಿನ ಬೇರೆ ಬೇರೆ ಭಾಗಗಳ ವಿದ್ಯುತ್ ಅಲೆಗಳು ಎಷ್ಟು ಒಟ್ಟಿಗೆ ಏಳುತ್ತವೆ, ಎಷ್ಟು ಒಟ್ಟಿಗೆ ಬೀಳುತ್ತವೆ ಎಂಬುದನ್ನು ಲೆಕ್ಕ ಹಾಕಿ ಅದು ನೂರರೊಳಗೆ ಒಂದು ಅಂಕ ತೋರಿಸುತ್ತದೆ. ಅದನ್ನು ಕಂಡುಹಿಡಿದ ಪ್ರೊಫೆಸರ್ ಮುರಿಗೆಪ್ಪ ಸವಡಿ ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಒಳ್ಳೆಯ ವೈದ್ಯಕೀಯ ಉಪಕರಣವಾಗುತ್ತಿತ್ತು. ಆದರೆ ಅವರಿಗೆ ಒಂದು ಸಿದ್ಧಾಂತವೂ ಇತ್ತು. ಕಲ್ಲು, ಗಿಡ, ಪ್ರಾಣಿ, ಮನುಷ್ಯ ಹೀಗೆ ಚೈತನ್ಯ ಮೆಟ್ಟಿಲು ಹತ್ತುತ್ತಾ ಬಂದಿದೆ, ವಿಕಾಸವೆಂದರೆ ಅದೇ, ದೇಹಗಳ ಬದಲಾವಣೆ ಬರೀ ಹೊರಗಿನ ಗುರುತು ಎಂಬುದು ಅವರ ವಾದ. ಅಲೆಗಳು ಒಂದೇ ತಾಳಕ್ಕೆ ಬಂದವನು ಮೆಟ್ಟಿಲ ತುದಿಯಲ್ಲಿದ್ದಾನೆ, ಚದುರಿದವನು ಈಗಷ್ಟೇ ಪ್ರಾಣಿಜನ್ಮ ಮುಗಿಸಿ ಬಂದಿದ್ದಾನೆ.

ಸರ್ಕಾರಕ್ಕೆ ಅಂಕ ಕೊಡುವ ಸಿದ್ಧಾಂತ ಎಂದರೆ ಎಲ್ಲಿಲ್ಲದ ಪ್ರೀತಿ. ಆರೋಹಣ ಮಂಡಳಿ ಹುಟ್ಟಿತು. ಎಪ್ಪತ್ತಕ್ಕಿಂತ ಹೆಚ್ಚು ಅಂಕ ಬಂದವರಿಗೆ ಗುಡ್ಡದ ಮೇಲೆ ಮನೆ, ಅವರ ಮಕ್ಕಳಿಗೆ ಮೇಲಿನ ಶಾಲೆ. ಇಪ್ಪತ್ತಕ್ಕಿಂತ ಕೆಳಗಿನವರಿಗೆ 'ನವಾಗತರು' ಎಂಬ ಹೆಸರು, ಮತ್ತು ದೂರದ ಹಿನ್ನೀರಿನ ದಂಡೆಯಲ್ಲಿ 'ಮೊದಲಮನೆ' ಎಂಬ ವಸತಿ. ಅಲ್ಲಿ ಮಾತು ಕಡಿಮೆ, ದನಕರು ಹೆಚ್ಚು. ನೆಂಟರು ನೋಡಲು ಹೋಗುವಂತಿಲ್ಲ, ಮೇಲಿನವರ ಸಹವಾಸ ಅವರಿಗೆ ನೋವು ಕೊಡುತ್ತದಂತೆ. ಹೋದವರು ಮರಳಿ ಬಂದದ್ದನ್ನು ನಾವ್ಯಾರೂ ಕಂಡಿಲ್ಲ.

ತುಂಗವ್ವನಿಗೆ ಹದಿಮೂರು ಬಂತು.

ತುಂಗವ್ವ ಮಿದುಳು ವಿಜ್ಞಾನದ ಪ್ರಾಧ್ಯಾಪಕಿ ಕಸ್ತೂರಿ ಹಾವನೂರರ ಒಡಹುಟ್ಟಿದ ತಂಗಿ. ನಲವತ್ತರ ಹೆಂಗಸು. ಹುಟ್ಟುವಾಗ ಉಸಿರು ಕಟ್ಟಿ ಬುದ್ಧಿ ನಿಧಾನವಾಗಿತ್ತು. ಮಾತು ತಡವರಿಸುತ್ತಿತ್ತು, ಸಂಜೆಯ ಸೀರಿಯಲ್ ನೋಡಿ ನಿಜವೆಂದು ಅಳುತ್ತಿದ್ದಳು, ಬೆಳ್ಳುಳ್ಳಿ ಸುಲಿಯಲು ಕೂತರೆ ಇಡೀ ಓಣಿಗೆ ಸಾಕಾಗುವಷ್ಟು ಸುಲಿಯುತ್ತಿದ್ದಳು. ಕಸ್ತೂರಿಯ ಗಂಡನಿಗೆ ಎಪ್ಪತ್ತಾರು ಅಂಕ ಬಂದ ಮೇಲೆ ಆತ ಗುಡ್ಡ ಹತ್ತಿದವನು ಸಂಸಾರಕ್ಕೆ ಇಳಿಯಲಿಲ್ಲ. ಹೀಗಾಗಿ ಮನೆಯಲ್ಲಿ ಉಳಿದವರು ಮೂವರು: ಕಸ್ತೂರಿ, ತುಂಗವ್ವ, ಮತ್ತು ಮಗಳು ಮಂದಾಕಿನಿ. ಕಸ್ತೂರಿ ಪ್ರಯೋಗಾಲಯದಲ್ಲಿ ಕೂತು ಹೆಸರು ಗಳಿಸುತ್ತಿದ್ದ ವರ್ಷಗಳಲ್ಲಿ ಮಂದಾಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಚಿಕ್ಕವ್ವನೇ.

ಮಂಡಳಿಯ ಕಾನೂನಿನಲ್ಲಿ ಒಂದು ಕಿಂಡಿ ಇತ್ತು. ಸವಡಿಯವರು ಮಠದಲ್ಲಿ ಓದಿ ಬೆಳೆದವರು, ಹಳೆಯ ವಾದಪದ್ಧತಿಯ ಮೇಲೆ ಅಪಾರ ಗೌರವ. ಯಾರು ಬೇಕಾದರೂ ಸಭೆಯಲ್ಲಿ ತಮ್ಮನ್ನು ಎದುರಿಸಬಹುದು, ಗೆದ್ದರೆ ಆ ಮನೆಯ ನವಾಗತರನ್ನು ಮಂಡಳಿ ಬಲವಂತವಾಗಿ ಒಯ್ಯುವಂತಿಲ್ಲ ಎಂದು ಅವರೇ ಸೇರಿಸಿದ್ದರು. ಆಮೇಲೆ ನಿರ್ಧಾರ ಮನೆಯವರದು. ಹದಿನಾಲ್ಕು ದಾಟಿದ ಪ್ರತಿಯೊಬ್ಬರೂ ಒಪ್ಪಿದರೆ ವ್ಯಕ್ತಿ ಮನೆಯಲ್ಲೇ ಇರಬಹುದು. ಮಂದಾಳಿಗೆ ಆಗತಾನೇ ಹದಿನೈದು ತುಂಬಿತ್ತು. ಮನೆಯ ಒಪ್ಪಿಗೆಯ ಬಗ್ಗೆ ಕಸ್ತೂರಿ ಒಂದು ಗಳಿಗೆಯೂ ಯೋಚಿಸಲಿಲ್ಲ, ಅದೇನು ಯೋಚಿಸುವ ವಿಷಯವೇ?

ವಾದಕ್ಕೂ ಒಂದು ಕಟ್ಟುನಿಟ್ಟು ಇತ್ತು. ಮೊದಲು ಎದುರಾಳಿಯ ಮಾತನ್ನು, ಅಂದರೆ ಪೂರ್ವಪಕ್ಷವನ್ನು, ನೀವೇ ಮಂಡಿಸಬೇಕು. ಅಣಕ ಮಾಡುವಂತಿಲ್ಲ, ಅರ್ಧ ನುಂಗುವಂತಿಲ್ಲ. ಎದುರಾಳಿ ಎದ್ದು ನಿಂತು "ಹೌದು, ಇದೇ ನನ್ನ ಮಾತು" ಎಂದು ಒಪ್ಪಬೇಕು. ಅಲ್ಲಿಯವರೆಗೆ ಖಂಡನೆಯ ಒಂದು ಅಕ್ಷರ ಬಾಯಿಂದ ಬಂದರೂ ಸೋತಂತೆ. ಬಹಳ ಜನ ಇಲ್ಲೇ ಮುಗ್ಗರಿಸುತ್ತಿದ್ದರು. 'ನಿಮ್ಮವರನ್ನು ಕಳಿಸಿ' ಎನ್ನುವವನ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳುವ ನಾಲಗೆ ಎಷ್ಟು ಜನಕ್ಕಿದ್ದೀತು?

ಕಸ್ತೂರಿಗೆ ಯಂತ್ರದ ಗುಟ್ಟು ಗೊತ್ತಿತ್ತು. ಆಕೆಯ ಪ್ರಯೋಗಾಲಯದಲ್ಲಿ ಒಮ್ಮೆ ಸಿಟಿ ಬಸ್ಸಿನ ಕಂಡಕ್ಟರನೊಬ್ಬನಿಗೆ ಪಟ್ಟಿ ಕಟ್ಟಿ, ದಿನಾ ಕೂಗುವ ಸ್ಟಾಪುಗಳನ್ನು ಕೂಗು ಎಂದಿದ್ದಳು. "ನವಲೂರ, ಸತ್ತೂರ, ರಾಯಾಪುರ, ಉಣಕಲ್ಲ..." ಎಂದು ಆತ ಒಂದೇ ಉಸಿರಿಗೆ ಕೂಗಿದಾಗ ಅಂಕ ಎಂಬತ್ತೆಂಟಕ್ಕೆ ಹೋಯಿತು. ಮಗ್ಗಿ ಹೇಳುವ ಮಗು, ಹರಾಜು ಕೂಗುವ ದಲಾಲಿ, ಎಲ್ಲರದೂ ಅದೇ ಕಥೆ. ಸಾವಿರ ಸಲ ಹೇಳಿ ಹೇಳಿ ಹದವಾದ ಮಾತು ಬಂದಾಗ ಮಿದುಳಿನ ಅಲೆಗಳು ಒಟ್ಟಾಗುತ್ತವೆ. ಹೊಸದಾಗಿ ಯೋಚಿಸುವಾಗ, ಹುಡುಕುವಾಗ, ತಡವರಿಸುವಾಗ ಚದುರುತ್ತವೆ. ಯಂತ್ರ ಅಳೆಯುತ್ತಿದ್ದದ್ದು ಆತ್ಮವನ್ನಲ್ಲ, ಅಭ್ಯಾಸವನ್ನು.

ಇದನ್ನು ಆಕೆ ಮಂಡಳಿಗೆ ಹೇಳಿಯೂ ನೋಡಿದಳು. ಮಂಡಳಿಯವರು ಕೈಮುಗಿದು, ಕಂಡಕ್ಟರ್ ಒಬ್ಬ ಗುಪ್ತ ಮಹಾತ್ಮ, ಬಯಲಿಗೆ ತಂದಿದ್ದಕ್ಕೆ ಧನ್ಯವಾದ ಎಂದರು. ಈಗ ಆತ ಟಿಕೆಟ್ ಕೊಡುವುದಿಲ್ಲ, ಆಶೀರ್ವಾದ ಕೊಡುತ್ತಾನೆ. ಯಾವ ಪುರಾವೆ ಕೊಟ್ಟರೂ ನುಂಗಿ ನೀರು ಕುಡಿಯುವ ಸಿದ್ಧಾಂತದ ಜೊತೆ ಜಗಳವಾಡಿ ನೋಡಿ, ನಿಮಗೂ ಕಸ್ತೂರಿಯ ಸಿಟ್ಟು ಅರ್ಥವಾಗುತ್ತದೆ.

ಆಕೆ ಒಂದು ದಾರಿ ಹುಡುಕಿದಳು. ತಾನು ಒಂದಿಷ್ಟೂ ನಂಬದ ಮಾತನ್ನು ಪಟ್ಟಿ ಕಟ್ಟಿಕೊಂಡು ಸಭೆಯಲ್ಲಿ ಹೇಳಬೇಕು, ಅಂಕ ತೊಂಬತ್ತು ಮುಟ್ಟಬೇಕು. ನಂಬದ ಮಾತು ಯಾವುದು? ಪೂರ್ವಪಕ್ಷವೇ! ಅದನ್ನು ಹಗಲೂ ಇರುಳೂ ಉರುಹೊಡೆಯಬೇಕು. ಖಂಡನೆಯನ್ನು ಮಾತ್ರ ಒಮ್ಮೆಯೂ ಅಭ್ಯಾಸ ಮಾಡಬಾರದು, ಯಾರೊಂದಿಗೂ ಆಡಬಾರದು, ಅದು ಸಭೆಯಲ್ಲಿ ಮೊದಲ ಸಲ ಬಾಯಿಗೆ ಬರಬೇಕು. ಆಗ ಸುಳ್ಳಿಗೆ ತೊಂಬತ್ತು, ನಿಜಕ್ಕೆ ನಲವತ್ತು ಬಂದು ಯಂತ್ರದ ಬಣ್ಣ ಬಯಲಾಗುತ್ತದೆ. ಉಪಾಯ ಅದ್ಭುತವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ಅಭ್ಯಾಸಕ್ಕೆ ಎದುರಿಗೊಬ್ಬರು ಬೇಕಲ್ಲ. ಮಂದಾಳನ್ನು ಕೂರಿಸಿಕೊಂಡಳು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕಸ್ತೂರಿ ಹೇಳುವುದು, ಕಟ್ಟೆಯ ಮೇಲೆ ಕೂತ ಮಂದಾ ತಪ್ಪಿದ ಕಡೆ ಹಿಡಿಯುವುದು. ಮೂಲೆಯಲ್ಲಿ ತುಂಗವ್ವ ಬೆಳ್ಳುಳ್ಳಿ ಮುಂದಿಟ್ಟುಕೊಂಡು ತೂಕಡಿಸುತ್ತಿದ್ದಳು.

"ಮತ್ತ ಅಲ್ಲೇ ತಪ್ಪಿದಿ ನೋಡವಾ," ಎನ್ನುತ್ತಿದ್ದಳು ಮಂದಾ. "'ನಮ್ಮ ಕರುಣೆ' ಅಂದ ಮ್ಯಾಲ ಸ್ವಲ್ಪ ನಿಲ್ಲಬೇಕು. ಆಮ್ಯಾಲ 'ಅವರ ಸೆರೆಮನೆ' ಅನಬೇಕು."

"ನೀನ ಹೇಳಿ ತೋರಸು ಹಂಗಾದ್ರ."

ಮಂದಾ ಹೇಳಿ ತೋರಿಸುತ್ತಿದ್ದಳು. ಚೆಂದವಾಗಿ ಹೇಳುತ್ತಿದ್ದಳು. ತಾಯಿಯ ಗತ್ತು ಮಗಳಿಗೆ ಬಂದಿದೆ ಎಂದು ಕಸ್ತೂರಿಗೆ ಒಳಗೊಳಗೇ ಹಿಗ್ಗು.

ಒಂದು ಸಲ ಹುಡುಗಿ ಕೇಳಿದಳು, "ಇದಕ್ಕ ಉತ್ತರ ಏನ ಕೊಡ್ತಿ, ಅವ್ವಾ?"

"ಅದನ್ನ ಈಗ ಹೇಳೂದಿಲ್ಲ. ಸಭಾದಾಗ ಕೇಳೀಯಂತ."

"ಉತ್ತರ ಐತೇನು ಖರೇನ?"

"ಐತಿ ಬಿಡ. ಮತ್ತ ಮೊದಲಿಂದ ಹಿಡಿ."

ಹೀಗೆ ವಾರಗಟ್ಟಲೆ ಆ ಮನೆಯಲ್ಲಿ ಒಗ್ಗರಣೆಯ ವಾಸನೆಯ ಜೊತೆಗೆ ಪೂರ್ವಪಕ್ಷದ ಪಾಠ ನಡೆಯಿತು.

ವಾದದ ದಿನ ಸಭಾಭವನ ಕಿಕ್ಕಿರಿದಿತ್ತು. ವೇದಿಕೆಯ ಪಕ್ಕದ ಗಾಜಿನ ಕೋಣೆಯಲ್ಲಿ ಮಂಡಳಿಯ ತಂತ್ರಜ್ಞರು ಕೂತಿದ್ದರು, ಮಾತನಾಡುವವರ ಅಂಕ ವೇದಿಕೆಯ ಮೇಲಿನ ದೊಡ್ಡ ಪರದೆಯಲ್ಲಿ ಮೂಡುತ್ತಿತ್ತು. ಮುಂದಿನ ಸಾಲಿನಲ್ಲಿ ಮಂದಾ, ಪಕ್ಕದಲ್ಲಿ ಹೊಸ ಇಳಕಲ್ ಸೀರೆ ಉಟ್ಟ ತುಂಗವ್ವ. ಮಂದಾ ತನ್ನ ಮತ್ತು ಚಿಕ್ಕವ್ವನ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟಿದ್ದಳು. ಹಿಂದಿನ ಸಾಲಿನಲ್ಲಿ ಅವಳ ಶಾಲೆಯ ಹುಡುಗಿಯರಿದ್ದರು.

ಕಸ್ತೂರಿ ಪಟ್ಟಿ ಕಟ್ಟಿಕೊಂಡು ಎದ್ದು ನಿಂತಳು.

"ಸಭೆಗೆ ನಮಸ್ಕಾರ. ಮೊದಲು ಪ್ರೊಫೆಸರ್ ಸವಡಿಯವರ ಮಾತು. ಮೀನಿನ ದವಡೆಯ ಎಲುಬು ಕೋಟಿ ಕೋಟಿ ವರ್ಷಗಳಲ್ಲಿ ನಮ್ಮ ಕಿವಿಯ ಎಲುಬಾಯಿತು. ಅಗಿಯುತ್ತಿದ್ದದ್ದು ಆಲಿಸತೊಡಗಿತು. ಇಷ್ಟು ದೂರ ನಡೆದ ಪ್ರಕೃತಿ ನಮ್ಮಲ್ಲಿಗೆ ಬಂದು ಸುಸ್ತಾಗಿ ಕೂತಿತೆಂದು ನಂಬುವುದು ಅಹಂಕಾರ. ದೇಹಕ್ಕೆ ಇಷ್ಟು ದೀರ್ಘ ದಾರಿ ಇರುವಾಗ ದೇಹದೊಳಗಿನ ಅರಿವಿಗೆ ದಾರಿ ಇಲ್ಲವೇ? ಆ ದಾರಿಯಲ್ಲಿ ಕೆಲವರು ಮುಂದಿದ್ದಾರೆ, ಕೆಲವರು ಈಗಷ್ಟೇ ಹೊರಟಿದ್ದಾರೆ. ಹೊರಟವರನ್ನು ನಾವು ಹೀನರೆನ್ನುವುದಿಲ್ಲ. ಆದರೆ ಅವರನ್ನು ನಮ್ಮ ನಡುವೆ ಇಟ್ಟುಕೊಂಡು ಏನು ಮಾಡುತ್ತೇವೆ? ನಮ್ಮ ವೇಗಕ್ಕೆ ಎಳೆಯುತ್ತೇವೆ. ನಮ್ಮ ನಗುವಿಗೆ ಗುರಿ ಮಾಡುತ್ತೇವೆ. ಗಳಿಗೆಗೊಮ್ಮೆ ಅವರಿಗೆ ತಾವು ಕಡಿಮೆ ಎಂದು ತಿಳಿಸುತ್ತೇವೆ, ಆಮೇಲೆ ತಲೆ ಸವರುತ್ತೇವೆ. ನಮ್ಮ ಕರುಣೆ..." ಇಲ್ಲಿ ಕಸ್ತೂರಿ ನಿಂತಳು, "...ಅವರ ಸೆರೆಮನೆ. ನಾವು ಅವರನ್ನು ಹಿಡಿದಿಡುವುದು ಅವರಿಗಾಗಿ ಅಲ್ಲ, ಒಳ್ಳೆಯವರೆನಿಸಿಕೊಳ್ಳಲು. ನಿಜವಾಗಿ ಪ್ರೀತಿಸುವವರು ಕೈ ಬಿಡಿಸಿಕೊಳ್ಳುತ್ತಾರೆ, ಅವರನ್ನು ಅವರ ಜೊತೆಗಾರರ ನಡುವೆ ಬಿಟ್ಟು ಬರುತ್ತಾರೆ."

ಪರದೆಯ ಮೇಲೆ ತೊಂಬತ್ತೊಂದು. ಸವಡಿಯವರ ಕಣ್ಣುಗಳು ಒದ್ದೆಯಾಗಿದ್ದವು. ಎದ್ದು ನಿಂತರು.

"ಹೌದು, ಇದೇ ನನ್ನ ಮಾತು. ನಾನೂ ಇಷ್ಟು ಛಲೋ ಹೇಳಿಲ್ಲ."

ಈಗ ಖಂಡನೆ. ಕಸ್ತೂರಿ ತಡವರಿಸಿದಳು. ಮಾತು ಸಿಗದೆ ನೀರು ಕುಡಿದಳು. ವಿಕಾಸ ಮೆಟ್ಟಿಲಲ್ಲ, ಕವಲೊಡೆದ ಪೊದೆ ಎಂದಳು. ಜಿರಲೆಯೂ ನಮ್ಮಷ್ಟೇ ಕಾಲ ನಡೆದು ಬಂದಿದೆ, ಅದರಲ್ಲಿ ಮೇಲೆ ಕೆಳಗೆ ಎಂಬುದನ್ನು ಇಟ್ಟವರು ನಾವು ಎಂದಳು. ನಡುವೆ ಒಂದು ವಾಕ್ಯ ಅರ್ಧಕ್ಕೇ ಬಿಟ್ಟಳು. ಪರದೆಯ ಅಂಕ ಇಳಿದು ಮೂವತ್ತೆಂಟಕ್ಕೆ ಬಂದಾಗ ಹಿಂದಿನಿಂದ ಯಾರೋ ನಕ್ಕರು.

"ನಗ್ರಿ," ಎಂದಳು ಕಸ್ತೂರಿ. "ಆದ್ರ ಒಂದು ಕೇಳ್ರಿ. ತೊಂಬತ್ತೊಂದು ಬಂದಾಗ ನಾ ಹೇಳಿದ್ದರಾಗ ಒಂದಕ್ಷರಾನೂ ನಾ ನಂಬೂದಿಲ್ಲ. ರೊಟ್ಟಿ ಬಡಿತಾ ಬಡಿತಾ ಉರು ಹೊಡದೇನಿ. ಈಗ ಹೇಳಾಕತ್ತಿದ್ದು ನನ್ನ ಜೀವದ ಮಾತು, ಇದಕ್ಕ ಮೂವತ್ತೆಂಟು. ಪ್ರೊಫೆಸರ್, ನಿಮ್ಮ ಯಂತ್ರ ಯಾವುದನ್ನ ಅಳಿಯಾಕತ್ತೈತಿ ಅಂತ ನೀವ ಹೇಳ್ರಿ."

ನಗು ನಿಂತಿತು. ಗಾಜಿನ ಕೋಣೆಯ ತಂತ್ರಜ್ಞರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸವಡಿಯವರು ಕಸ್ತೂರಿಯ ಬಳಿಗೆ ನಡೆದು ಬಂದರು. ಏನೇ ಅನ್ನಿ, ಮನುಷ್ಯ ಪ್ರಾಮಾಣಿಕ. ತಮ್ಮ ಹೆಗಲ ಶಾಲು ತೆಗೆದು ಕಸ್ತೂರಿಗೆ ಹೊದಿಸಿ, "ಸೋತೆ," ಎಂದರು. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕಾನೂನನ್ನೇ ಮರುಪರಿಶೀಲಿಸುವುದಾಗಿ ಮಂಡಳಿ ಅಲ್ಲೇ ಘೋಷಿಸಿತು, ಅದಕ್ಕೆ ವರ್ಷವಾದರೂ ಹಿಡಿಯುತ್ತದೆ ಎಂಬುದು ಬೇರೆ ಮಾತು.

ಆ ಚಪ್ಪಾಳೆಯಲ್ಲಿ ಮಂದಾ ಕೂತೇ ಇದ್ದಳು. ಇದನ್ನು ಯಾರೂ ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ ಮಂಡಳಿಯ ಅಧಿಕಾರಿ ಪರಸಪ್ಪ ಗೊಂಬಿ ಮನೆಯ ಒಪ್ಪಿಗೆ ಪಡೆಯಲು ಬಂದರು. ಬರೀ ಶಾಸ್ತ್ರಕ್ಕೆ ಎಂದುಕೊಂಡು ಕಸ್ತೂರಿ ಉಪ್ಪಿಟ್ಟು ಮಾಡಿದ್ದಳು. ತುಂಗವ್ವ ಅಧಿಕಾರಿಯ ತಟ್ಟೆಗೆ ಮತ್ತೆ ಮತ್ತೆ ಸಕ್ಕರೆ ಹಾಕುತ್ತಿದ್ದಳು. ಕಸ್ತೂರಿ ತನ್ನ ಒಪ್ಪಿಗೆ ಹೇಳಿಯಾಯಿತು.

"ನಿಂದೇನವಾ, ತಂಗಿ?" ಎಂದು ಗೊಂಬಿ ಮಂದಾಳ ಕಡೆ ತಿರುಗಿದರು.

"ನಂದು ಒಪ್ಪಿಗಿ ಇಲ್ಲರಿ."

ಕಸ್ತೂರಿ ನಕ್ಕಳು. ಹುಡುಗಿ ಹುಡುಗಾಟಕ್ಕೆ ಅಂದಳು ಎಂದುಕೊಂಡಳು. ಮಂದಾ ನಗಲಿಲ್ಲ.

"ಯಾಕ?" ಎಂದರು ಗೊಂಬಿ.

ಮಂದಾ ಹೇಳತೊಡಗಿದಳು. ಮೀನಿನ ದವಡೆಯಿಂದ ಹಿಡಿದು ಎಲ್ಲ ಹೇಳಿದಳು. ನಿಲ್ಲಬೇಕಾದ ಕಡೆ ನಿಂತಳು. ಗೊಂಬಿಯವರು ನಿಯಮದಂತೆ ತಮ್ಮ ಚೀಲದಿಂದ ಪಟ್ಟಿ ತೆಗೆದು ಹುಡುಗಿಯ ಹಣೆಗೆ ಕಟ್ಟಿದ್ದರು. ತೊಂಬತ್ತೈದು ಬಂತು.

"ಅದು ಉರು ಹೊಡದದ್ದು!" ಎಂದು ಕಸ್ತೂರಿ ಕೂಗಿದಳು. "ಮಂದಾ, ಅದು ನಾ ನಂಬದ ಮಾತು. ಸಭಾದಾಗ ಉತ್ತರ ಕೊಟ್ನಲ್ಲ, ಕೇಳ್ಲಿಲ್ಲೇನ?"

"ಕೇಳಿದ್ನಿ. ಒಂದ ಸಲ ಕೇಳಿದ್ನಿ. ತಡವರಸಾಕತ್ತಿದ್ದಿ, ಅವ್ವಾ. ಮೊದಲಿನ ಮಾತ ಹೇಳುವಾಗ ನಿನ್ನ ಕಣ್ಣಾಗ ನೀರ ಬರ್ತಿತ್ತು ದಿನಾ. ರೊಟ್ಟಿ ಮ್ಯಾಲ ಬಿದ್ದದ್ದು ನಾ ನೋಡೇನಿ."

ಕಸ್ತೂರಿಗೆ ಆಗ ತಿಳಿಯಿತು. ಮಿದುಳಿಗೆ ಏನನ್ನೇ ಪದೇ ಪದೇ ಉಣಿಸಿದರೂ ಅದು ಅದಕ್ಕೇ ತಾಳ ಹಾಕುತ್ತದೆ ಎಂದು ಇಡೀ ಊರಿಗೆ ತೋರಿಸಿಕೊಟ್ಟವಳು ತನ್ನ ಮಗಳ ಮಿದುಳಿಗೆ ವಾರಗಟ್ಟಲೆ ಉಣಿಸಿದ್ದು ಏನು? ಎಂಥ ದಡ್ಡತನ! ಪ್ರಾಧ್ಯಾಪಕಿಯಂತೆ, ವಿಜ್ಞಾನಿಯಂತೆ!

ಗೊಂಬಿಯವರು ಕೆಟ್ಟವರಲ್ಲ, ನಿಯಮದ ಮನುಷ್ಯ. "ಮನ್ಯಾಗ ಒಮ್ಮತ ಇಲ್ಲಂದ್ರ ವಾದ ಮಾಡಬಹುದರಿ, ಬಾಯಾರ," ಎಂದರು. "ಇಲ್ಲೇ, ನನ್ನ ಮುಂದನ. ಪದ್ಧತಿ ಅದ. ಮೊದಲ ಮಗಳ ಮಾತ ನೀವು ಹೇಳಬೇಕು. ಆಕಿ ಹೌದು ಅಂದ ಮ್ಯಾಲ ಖಂಡನೆ. ಇಲ್ಲಂದ್ರ ಗಾಡಿ ಹೊರಗ ನಿಂತೈತಿ."

ಕಸ್ತೂರಿ ಮಗಳ ಎದುರಿಗೆ ಕೂತಳು. ತುಂಗವ್ವ ಗೋಡೆಗೆ ಒರಗಿ ಇಬ್ಬರನ್ನೂ ನೋಡುತ್ತಿದ್ದಳು.

"ಮಂದಾ ಹೇಳೂದು ಏನಂದ್ರ, ನಮ್ಮ ನಡುವ ಇದ್ರ ತುಂಗಾಗ ನೋವಾಗ್ತೈತಿ..."

"ಅದು ಸವಡಿಯವರ ಮಾತು," ಎಂದಳು ಮಂದಾ. "ನನ್ನ ಮಾತ ಹೇಳು."

ಒಂದು ಕ್ಷಣ ಕಸ್ತೂರಿಯ ಕಣ್ಣು ತಂಗಿಯ ಕಡೆ ಹೋಯಿತು. "ತುಂಗಾ, ಒಳಗ ಹೋಗವಾ ಸ್ವಲ್ಪ."

"ಇಲ್ಲರಿ," ಎಂದರು ಗೊಂಬಿ. "ಯಾರ ವಿಷಯ ಐತಿ ಅವರು ಕೂತ ಕೇಳಬೇಕು. ಅದೂ ಪದ್ಧತಿ."

ಬೇರೆ ದಾರಿ ಇರಲಿಲ್ಲ. ಸುಮ್ಮನಿದ್ದರೆ ತಂಗಿ ಹೋಗುತ್ತಾಳೆ, ಅರ್ಧ ಹೇಳಿದರೂ ಹೋಗುತ್ತಾಳೆ. ಉಳಿಸಿಕೊಳ್ಳಬೇಕಾದರೆ ಪೂರ್ತಿ ಹೇಳಬೇಕು, ಚೆನ್ನಾಗಿ ಹೇಳಬೇಕು. ಕಸ್ತೂರಿಗೆ ಮಗಳ ಮನಸ್ಸು ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ನೋಡದೆ ಇದ್ದದ್ದು, ಅಷ್ಟೇ.

"ಚಿಕ್ಕವ್ವ ಸಾಲಿ ಬಾಗಲಿಗೆ ಬಂದ್ರ ನನಗ ಭೂಮಿ ಬಾಯಿ ಬಿಡಬಾರದ ಅನಸ್ತೈತಿ," ಎಂದಳು ಕಸ್ತೂರಿ, ಮಗಳಾಗಿ. "ಗೆಳತ್ಯಾರು ನಮ್ಮ ಮನಿಗೆ ಬರೂದ ಬಿಟ್ಟಾರ. ಇಪ್ಪತ್ತರ ಒಳಗಿನವರು ಇರೂ ಮನಿ ಹುಡುಗಿ ಅಂತ ಮೇಲಿನ ಸಾಲ್ಯಾಗ ನನ್ನ ತಗೊಳ್ಳೂದಿಲ್ಲ. ನನಗ ಎಪ್ಪತ್ತೆರಡು ಬಂದ್ರೂ ತಗೊಳ್ಳೂದಿಲ್ಲ."

"ಇನ್ನೂ ಐತಿ."

"ಉಣ್ಣುವಾಗ ಆಕಿ ಬಾಯಿಂದ ಅನ್ನ ಸುರೀತೈತಿ. ಅದನ್ನ ನೋಡಿದ್ರ ನನಗ ವಾಂತಿ ಬಂದಂಗ ಆಗ್ತೈತಿ. ಆಕಿ ನನ್ನ ಗಲ್ಲಾ ಮುಟ್ಟಿದ್ರ ಹೋಗಿ ತೊಳಕೋತೀನಿ."

ಮಂದಾ ಹೇಳಿದಳು, "ಇನ್ನೂ ಐತಿ."

"ಆಕಿಗೆ ಜ್ವರ ಬಂದಾಗ... ಆಕಿ ಸತ್ರ ಎಲ್ಲಾ ಹಗರ ಆಗ್ತೈತಿ ಅಂತ ದೇವರ ಮುಂದ ಕೂತೇನಿ."

ಗೊಂಬಿಯವರು ತಟ್ಟೆ ಕೆಳಗಿಟ್ಟು ಕಿಟಕಿಯ ಕಡೆ ಮುಖ ಮಾಡಿದರು.

"ಒಂದ ಉಳದೈತಿ, ಅವ್ವಾ," ಎಂದಳು ಮಂದಾ. ಈಗ ಅವಳು ಅಳುತ್ತಿದ್ದಳು. "ಅದನ್ನ ಹೇಳದಿದ್ರ ನಾ ಹೌದು ಅನ್ನೂದಿಲ್ಲ."

ಅದೇನೆಂದು ಕಸ್ತೂರಿಗೆ ಗೊತ್ತಿತ್ತು. ಅದನ್ನು ನುಂಗಿಬಿಡಬಹುದಿತ್ತು. ಆದರೆ ಆಕೆ ಎದುರಾಳಿಯ ಮಾತನ್ನು ಎಂದೂ ಕದ್ದವಳಲ್ಲ, ಹಾಗೆ ಕದಿಯುವ ಚಾಳಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

"ನನ್ನ ಅವ್ವಗೂ ಹಂಗ ಅನಸೇತಿ," ಎಂದಳು ಕಸ್ತೂರಿ. ಈ ಸಲ ಧ್ವನಿ ತಡವರಿಸಲಿಲ್ಲ. "ಒಂದ ಸಲ ಅಲ್ಲ, ಭಾಳ ಸಲ. ಆಕಿ ಬಾಯಿ ಬಿಟ್ಟ ಹೇಳೂದಿಲ್ಲ, ಅಷ್ಟ."

"ಹೌದು," ಎಂದಳು ಮಂದಾ ಮುಖ ಮುಚ್ಚಿಕೊಂಡು. "ಇದೇ ನನ್ನ ಮಾತು."

ಈಗ ಖಂಡನೆಗೆ ಹಾದಿ ತೆರೆಯಿತು. ಕಸ್ತೂರಿಯ ಬಳಿ ಹೇಳಲು ಎಷ್ಟಿತ್ತು! ಮಂದಾಳಿಗೆ ನಡೆಯಲು ಕಲಿಸಿದ್ದು ಯಾರು, ಕಸ್ತೂರಿ ವಿದೇಶಕ್ಕೆ ಹೋದಾಗ ಕೂಸನ್ನು ಎದೆಗವಚಿಕೊಂಡು ರಾತ್ರಿಗಳನ್ನು ಕಳೆದದ್ದು ಯಾರು, ಬೇಸರ ಬರುವುದು ಬೇರೆ, ಬಿಟ್ಟುಬಿಡುವುದು ಬೇರೆ. ಆಕೆ ತಂಗಿಯ ಕಡೆ ತಿರುಗಿದಳು.

ತುಂಗವ್ವ ಗೋಡೆಯ ಬಳಿ ಇರಲಿಲ್ಲ. ಬಾಗಿಲಲ್ಲಿ ಬಗ್ಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಅದರ ಬಾರು ಸಿಗದೆ ಒದ್ದಾಡಿ, ಕೊನೆಗೆ ಹಾಗೇ ಕಾಲು ತುರುಕಿಕೊಂಡು ಗೊಂಬಿಯವರನ್ನು ಕೇಳಿದಳು, "ಗಾಡಿ ಎಲ್ಲೈತ್ರಿ?"

ತಾವಾಗಿಯೇ ಹೊರಟವರ ವಿಷಯದಲ್ಲಿ ವಾದ ಮುಂದುವರಿಯುವಂತಿಲ್ಲ. ಗೊಂಬಿಯವರು ತಲೆ ತಗ್ಗಿಸಿಕೊಂಡು ಎದ್ದರು.

"ತುಂಗಾ! ನಿಲ್ಲವಾ! ಇನ್ನೂ ಮುಗದಿಲ್ಲ, ನನ್ನ ಉತ್ತರ ಕೇಳು," ಎಂದು ಕಸ್ತೂರಿ ಓಡಿ ಹೋಗಿ ಅವಳ ಕೈ ಹಿಡಿದಳು.

ತುಂಗವ್ವ ಕೈ ಬಿಡಿಸಿಕೊಂಡಳು. ಅಕ್ಕನ ಗಲ್ಲ ಮುಟ್ಟಲು ಹೋಗಿ, ಮುಟ್ಟದೆ, ಬೆರಳು ಹಿಂದೆ ತೆಗೆದಳು.

"ಭಾಳ ಛಲೋ ಹೇಳಿದಿ, ಅಕ್ಕಾ," ಎಂದಳು. "ನನಗೂ ತಿಳೀತು."